ತರಕಾರಿ, ಮೀನು ಎಲ್ಲಿಯದ್ದು ಅಂತ ಬೋರ್ಡಲ್ಲಿ ಬರೆಯಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕಟಪಾಡಿ ಪೇಟೆಯಲ್ಲಿ ಗುಳ್ಳ ಬದನೆಯ ರಾಶಿ ಎದುರು ನಿಂತವರು ಮೊದಲು ಕೇಳುವುದು ಒಂದೇ, ಇದು ಮಟ್ಟು ಗುಳ್ಳವಾ, ಅಂದ್ರೆ ಪಕ್ಕದ ಮಟ್ಟು ಊರಲ್ಲಿ ಬೆಳೆದದ್ದಾ ಅಂತ. ಅಂಗಡಿಯವರು ಹೌದು ಅಂತಾರೆ. ಬೆಂಡೆ ಆದ್ರೂ ಅಷ್ಟೇ, ಅಲಸಂಡೆ ಆದ್ರೂ ಅಷ್ಟೇ, ಮುಳ್ಳುಸೌತೆ ಆದ್ರೂ ಅಷ್ಟೇ, ಊರಿನದ್ದು ಅಂದ ಕೂಡ್ಲೇ ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೊಡ್ಲಿಕ್ಕೆ ನಾವು ತಯಾರು, ಆದ್ರೆ ಅದು ಹಿರಿಯಡ್ಕದ ಕಡೆಯ ಗದ್ದೆಯಿಂದ ಬಂದದ್ದಾ ಅಥವಾ ರಾತ್ರಿ ಘಟ್ಟ ಇಳಿದ ಲಾರಿಯಿಂದ ಬಂದದ್ದಾ ಅಂತ ತಿಳಿಯುವ ದಾರಿ ಇಲ್ಲ, ಬಾಯಿಮಾತೇ ಗತಿ. ಈ ವಿಷಯ ಬರೀಬೇಕು ಅಂತ ಸುಮಾರು ಸಮಯದಿಂದ ಮನಸ್ಸಲ್ಲಿತ್ತು, ಫ್ರಾನ್ಸಿನ ಹಳ್ಳಿ ಕಡೆ ಕಾರಲ್ಲಿ ತಿರುಗಾಡಿ ಬಂದ ಮೇಲೆ ಇನ್ನು ಬರೆಯದೆ ಇರ್ಲಿಕ್ಕೆ ಆಗ್ಲಿಲ್ಲ.

ಮಗಳು ಅಳಿಯ ಲಿಯೋನ್ ಊರಲ್ಲಿ ಇದ್ದಾರೆ. ಅಲ್ಲಿಯ ಬೇಸಿಗೆಯ ಕೊನೆಗೆ ಅವರ ಜೊತೆ ನಾವು ಗಂಡ ಹೆಂಡತಿ ಕಾರಲ್ಲಿ ಹೊರಟದ್ದು, ಮೊದಲು ಲ ಪ್ಯುಯಿ ಅನ್ನುವ ಊರಿನ ಕಡೆ, ಆಮೇಲೆ ಅಲ್ಲಿಂದ ಪಶ್ಚಿಮಕ್ಕೆ ದೋರ್ದೋಞ್ ನದಿ ಕಡೆ. ಐಫೆಲ್ ಟವರ್ ನೋಡಿದ್ರಾ ಅಂತ ಊರಲ್ಲಿ ಎಲ್ರೂ ಕೇಳ್ತಾರೆ, ಅದಕ್ಕಿಂತ ಜಾಸ್ತಿ ಕೇಳುವುದು ಊಟಕ್ಕೆ ಎಂತ ಮಾಡಿದ್ರಿ ಅಂತ. ನಮ್ಮ ಕಡೆಯಿಂದ ಯುರೋಪ್ ಟೂರ್ ಹೋಗುವವರು ಸೂಟ್‌ಕೇಸಲ್ಲಿ ಅರ್ಧ ಚಪಾತಿ, ಚಟ್ನಿಪುಡಿ, ರೆಡಿಮೇಡ್ ಪ್ಯಾಕೆಟೇ ತುಂಬ್ಸಿಕೊಂಡು ಹೋಗ್ತಾರಲ್ಲ, ಅದರ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ. ಅಲ್ಲಿ ಹಳ್ಳಿಗಳಲ್ಲಿ ಅಡುಗೆಮನೆ ಸಮೇತ ಬಾಡಿಗೆಗೆ ಕೊಡುವ ಮನೆಗಳು ಉಂಟು, ಜೀತ್ ಅಂತ ಕರೀತಾರೆ, ಪಾತ್ರೆ ಒಲೆ ಎಲ್ಲ ಇರ್ತದೆ. ದಾರಿಯಲ್ಲಿ ಸಾಮಾನು ತಗೊಂಡು ಹೋಗಿ ಬೇಯಿಸಿಕೊಂಡು ತಿಂದರೆ ಆಯ್ತು. ನಾವು ಮನೆಯಿಂದ ಒಯ್ದದ್ದು ಸಾಸಿವೆ, ಕರಿಬೇವಿನ ಒಣ ಎಲೆ, ಹುಣಸೆಹುಳಿ, ಇಂಗು, ಸಾರಿನ ಪುಡಿ ಮಾತ್ರ.

ಆದ್ರೆ ಅಲ್ಲಿ ಗಡಿಯಾರ ನೋಡಿ ನಡೀಬೇಕು, ಇದು ಹೋಗುವವರಿಗೆ ಹೇಳ್ಲೇಬೇಕಾದ ಮಾತು. ಸಣ್ಣ ಊರುಗಳಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಅಂಗಡಿ ಬಾಗಿಲು ಹಾಕಿದ್ರೆ ಮತ್ತೆ ಎರಡು ಎರಡೂವರೆ ಗಂಟೆ ಮೇಲೆಯೇ ತೆಗೆಯುವುದು. ಭಾನುವಾರ ದಿನಸಿ ಅಂಗಡಿ ತೆರೆದಿದ್ರೂ ಹೆಚ್ಚಾಗಿ ಮಧ್ಯಾಹ್ನ ಒಂದು ಗಂಟೆವರೆಗೆ ಮಾತ್ರ, ಸೋಮವಾರ ಎಷ್ಟೋ ಬ್ರೆಡ್ ಅಂಗಡಿಗೆ ರಜೆ. ರಾತ್ರಿ ಒಂಬತ್ತಕ್ಕೆ ಮೂಲೆ ಅಂಗಡಿಯಿಂದ ಹಾಲು ತರುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ದೊಡ್ಡ ಸೂಪರ್ ಮಾರ್ಕೆಟುಗಳು, ಅಂದ್ರೆ ಕಾರ್‌ಫೂರ್, ಲೆಕ್ಲೇರ್, ಇಂಟರ್‌ಮಾರ್ಷೆ ಇಂಥವು, ಊರಿನ ಹೊರಗೆ ರಸ್ತೆ ಬದಿಯಲ್ಲಿ ಇರ್ತವೆ, ಹೆಚ್ಚಿನವು ಮಧ್ಯಾಹ್ನವೂ ತೆರೆದಿರ್ತವೆ, ಪಕ್ಕದಲ್ಲೇ ಅವರದ್ದೇ ಪೆಟ್ರೋಲ್ ಪಂಪು, ಹೈವೇಗಿಂತ ಅಲ್ಲಿ ಕಡಿಮೆ ರೇಟು. ಗಾಜೋಲ್ ಅಂತ ಬರೆದದ್ದು ಡೀಸೆಲ್, ಹೆಸರು ನೋಡಿ ಗ್ಯಾಸೋಲಿನ್ ಅಂತ ಅಂದುಕೊಳ್ಬಾರದು. ಟ್ರಾಲಿಗೆ ಒಂದು ಯೂರೋ ನಾಣ್ಯ ಹಾಕಿದ್ರೆ ಸರಪಳಿ ಬಿಡ್ತದೆ, ತಂದು ವಾಪಸ್ ಸಿಕ್ಕಿಸಿದ್ರೆ ನಾಣ್ಯ ವಾಪಸ್ ಬರ್ತದೆ, ಹಾಗಾಗಿ ಪಾರ್ಕಿಂಗಲ್ಲಿ ಟ್ರಾಲಿ ಅಡ್ಡಾದಿಡ್ಡಿ ಬಿದ್ದಿರುವುದು ಕಾಣುವುದಿಲ್ಲ. ಚೀಲ ನಾವೇ ಒಯ್ಯಬೇಕು, ಕೌಂಟರಲ್ಲಿ ತೆಳು ಪ್ಲಾಸ್ಟಿಕ್ ಚೀಲ ಕೊಡುವುದನ್ನು 2016ರ ಜುಲೈಯಿಂದ ನಿಲ್ಲಿಸಿದ್ದಾರೆ. ಬಿಲ್ ಮಾಡುವ ಹೆಣ್ಣುಮಕ್ಕಳು ಕುರ್ಚಿಯಲ್ಲಿ ಕೂತು ಕೆಲಸ ಮಾಡ್ತಾರೆ, ಸಾಮಾನು ಚೀಲಕ್ಕೆ ತುಂಬಿಸುವುದು ನಾವೇ. ನಮ್ಮಲ್ಲಿ ದಿನವಿಡೀ ನಿಂತೇ ಇರುವ ಅಂಗಡಿ ಹುಡುಗಿಯರನ್ನು ನೋಡಿ ನೋಡಿ ಇದು ಕಣ್ಣಿಗೆ ಬಿತ್ತು. ಕೇರಳದಲ್ಲಿ 2018ರಲ್ಲಿ, ತಮಿಳುನಾಡಲ್ಲಿ 2021ರಲ್ಲಿ ಕೂರುವ ಹಕ್ಕಿಗೆ ಕಾನೂನು ಮಾಡಿದ್ದಾರೆ, ನಮ್ಮ ಕಡೆ ಮಾಲ್‌ಗಳಲ್ಲೂ ಇದರ ಬಗ್ಗೆ ಯಾರಾದ್ರೂ ಯೋಚನೆ ಮಾಡ್ಬೇಕು.

ನಾನು ಹೇಳ್ಬೇಕು ಅಂತ ಇರುವ ಮುಖ್ಯ ವಿಷಯ ತರಕಾರಿ ಕಪಾಟಿನದ್ದು. ಅಲ್ಲಿ ಪ್ರತಿಯೊಂದು ತರಕಾರಿ, ಹಣ್ಣಿನ ಮೇಲೆ ಒಂದು ಚೀಟಿ, ಅದರಲ್ಲಿ ಹೆಸರು, ಯಾವ ದೇಶದ್ದು, ಎಷ್ಟನೇ ದರ್ಜೆ, ಕಿಲೋಗೆ ಎಷ್ಟು ಅಂತ ಬರೆದಿರ್ತದೆ. ಟೊಮೆಟೊ ಫ್ರಾನ್ಸಿನದ್ದಾ ಮೊರೊಕ್ಕೋದ್ದಾ ಸ್ಪೇನಿನದ್ದಾ ಅಂತ ಓದಿದ ಮೇಲೆಯೇ ಕೈ ಹಾಕ್ಬಹುದು. ಊರು ದೇಶದ ಹೆಸರನ್ನು ಎಲ್ಲೋ ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ ಬರೆಯುವಂತಿಲ್ಲ, ಬೆಲೆಯ ಅಕ್ಷರ ಎಷ್ಟು ದೊಡ್ಡದೋ ಅದೂ ಅಷ್ಟೇ ದೊಡ್ಡದು ಇರ್ಬೇಕು. ಪ್ಯಾಕೆಟ್ ಸಾಮಾನಿಗೂ ಪ್ಯಾಕೆಟಿನ ಬೆಲೆ ಕೆಳಗೆ ಕಿಲೋಗೆ ಅಥವಾ ಲೀಟರಿಗೆ ಎಷ್ಟು ಬೀಳ್ತದೆ ಅಂತ ಹಾಕಿರ್ತಾರೆ, ಹಾಗಾಗಿ ದೊಡ್ಡ ಪ್ಯಾಕೆಟಲ್ಲಿ ಲಾಭ ಉಂಟಾ ಇಲ್ವಾ ಅಂತ ಅಲ್ಲೇ ಗೊತ್ತಾಗ್ತದೆ. ಹಾಲಿನ ಬಾಟ್ಲಿಯ ಮುಚ್ಚಳ ಕೆಂಪು ಇದ್ರೆ ಗಟ್ಟಿ ಹಾಲು, ನೀಲಿ ಇದ್ರೆ ಅರ್ಧ ಕೆನೆ ತೆಗೆದದ್ದು, ಹಸಿರು ಇದ್ರೆ ಕೆನೆ ಪೂರಾ ತೆಗೆದದ್ದು, ಭಾಷೆ ಬಾರದ ನನಗೂ ಒಂದೇ ದಿನದಲ್ಲಿ ರೂಢಿ ಆಯ್ತು, ಕಾಫಿಗೆ ಕೆಂಪೇ ಬೇಕು.

ಮೀನಿನ ಕೌಂಟರ್ ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ಸಮುದ್ರದಿಂದ ಎಷ್ಟೋ ದೂರದ ಗುಡ್ಡೆ ಊರಿನ ಸೂಪರ್ ಮಾರ್ಕೆಟ್ ಅದು, ಆದ್ರೂ ಐಸಿನ ಮೇಲೆ ಮೀನು ಜೋಡಿಸಿ ಪ್ರತಿಯೊಂದಕ್ಕೂ ಸಣ್ಣ ಬೋರ್ಡು ಚುಚ್ಚಿದ್ದಾರೆ. ನಮ್ಮ ಬಂಗುಡೆಯ ಸಂಬಂಧಿ ಒಂದು ಅಲ್ಲಿ ಸಿಗ್ತದೆ, ಮಾಕ್ರೋ ಅಂತ ಹೆಸರು, ಬೆನ್ನ ಮೇಲೆ ಕಪ್ಪು ಗೆರೆ ಗೆರೆ ಇರ್ತದೆ. ಅದರ ಬೋರ್ಡಲ್ಲಿ ಮಾಮೂಲಿ ಹೆಸರು, ಅದರ ಕೆಳಗೆ ವಿಜ್ಞಾನದ ಹೆಸರು, ಸಮುದ್ರದಲ್ಲಿ ಹಿಡಿದದ್ದು ಅಂತ, ಯಾವ ಸಮುದ್ರ ಅಂದ್ರೆ ಈಶಾನ್ಯ ಅಟ್ಲಾಂಟಿಕ್, ಯಾವ ಬಲೆ ಅಂದ್ರೆ ಟ್ರಾಲ್ ಬಲೆ, ಇಷ್ಟೂ ಬರೆದಿತ್ತು. ಸಾಕಿದ ಮೀನಾದ್ರೆ ಸಾಕಿದ್ದು ಅಂತ ಬರೀಬೇಕು. ಯುರೋಪಿನ ದೇಶಗಳಲ್ಲಿ 2013ರ ಕಾನೂನಿನ ಪ್ರಕಾರ ಇದು ಕಡ್ಡಾಯ ಅಂತ ಅಳಿಯ ಹೇಳಿದ್ರು. ನಾನು ಮಲ್ಪೆ ಬಂದರಿನ ಹತ್ತಿರ ಹುಟ್ಟಿ ಬೆಳೆದವಳು, ಬೋಟಿನಿಂದ ಇಳಿದ ಮೀನು ನೋಡಿದ್ರೆ ಗೊತ್ತಾಗ್ತದೆ, ಆದ್ರೆ ಮಂಗಳೂರಲ್ಲಿ ಫ್ಲ್ಯಾಟಲ್ಲಿ ಇರುವ ಇಂದಿನ ಹುಡುಗ ಹುಡುಗಿಯರಿಗೆ ಹೇಗೆ ಗೊತ್ತಾಗ್ಬೇಕು? ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ, ನಾಡದೋಣಿಯವರು ಹಿಡಿದದ್ದು ಬಿಟ್ರೆ ಮಾರ್ಕೆಟಿಗೆ ಬರುವುದೆಲ್ಲ ಹೊರಗಿನ ಲಾರಿಯ ಐಸ್ ಮೀನು, ಆಗಲೂ ಕೇಳಿದ್ರೆ ಮಲ್ಪೆಯದ್ದು ಅಂತಲೇ ಉತ್ತರ. 2018ರಲ್ಲಿ ಕೇರಳದಲ್ಲಿ ಕೊಳೆಯದ ಹಾಗೆ ಫಾರ್ಮಲಿನ್ ಅನ್ನುವ ಕೆಮಿಕಲ್ ಹಾಕಿದ ಮೀನಿನ ಲಾರಿಗಳನ್ನು ಹಿಡಿದಾಗ ಇಲ್ಲಿಯೂ ಜನ ಹೆದರಿ ಎಲ್ಲ ಮೀನೂ ಬಿಟ್ಟರು, ಅದರಲ್ಲಿ ಪೆಟ್ಟು ಬಿದ್ದದ್ದು ಬೆಳಗ್ಗೆ ಹಿಡಿದು ತಂದು ಬುಟ್ಟಿಯಲ್ಲಿ ಇಟ್ಟು ಮಾರುವ ನಮ್ಮ ಹೆಂಗಸರಿಗೆ. ಎಲ್ಲಿಯ ಮೀನು ಅಂತ ಬೋರ್ಡ್ ಇದ್ದಿದ್ರೆ ಅವರ ಮೀನು ಅವರು ಧೈರ್ಯದಲ್ಲಿ ಮಾರ್ತಿದ್ರು.

ಇನ್ನು ಸಂತೆ. ನಮ್ಮಲ್ಲಿ ಪುತ್ತೂರಿಗೆ ಸೋಮವಾರ, ಆದಿಉಡುಪಿಗೆ ಬುಧವಾರ, ಕುಂದಾಪುರಕ್ಕೆ ಶನಿವಾರ ಸಂತೆ ಇದ್ದ ಹಾಗೆ ಅಲ್ಲಿಯೂ ಒಂದೊಂದು ಊರಿಗೆ ಒಂದೊಂದು ವಾರ ಉಂಟು, ದೋರ್ದೋಞ್ ಕಡೆಯ ಸಾರ್ಲಾ ಊರಿಗೆ ಬುಧವಾರ ಮತ್ತೆ ಶನಿವಾರ, ಲ ಪ್ಯುಯಿಗೆ ಶನಿವಾರ. ಬೆಳಗ್ಗೆ ಎಂಟಕ್ಕೆ ಶುರುವಾದ್ರೆ ಹೆಚ್ಚಾಗಿ ಮಧ್ಯಾಹ್ನ ಒಂದರ ಒಳಗೆ ಎಲ್ಲ ಕಟ್ಟಿ, ಜಾಗ ತೊಳೆದು ಆಗಿರ್ತದೆ. ಲ ಪ್ಯುಯಿ ಅಂದ್ರೆ ಲಾವಾ ಕಲ್ಲಿನ ಊರು, ಊರಿಗೆ ಅಂಟಿಕೊಂಡೇ ಕಡಿದಾದ ಬಂಡೆ ಎದ್ದು ಅದರ ತುದಿಯಲ್ಲಿ ಹಳೇ ಚಾಪೆಲ್, ಅಂದ್ರೆ ಸಣ್ಣ ಚರ್ಚ್ ಉಂಟು. ಆ ಸೀಮೆಯ ಮಣ್ಣಲ್ಲಿ ಬೆಳೆಯುವ ಹಸಿರು ಮಸೂರ ಇಡೀ ಫ್ರಾನ್ಸಲ್ಲಿ ಹೆಸರುವಾಸಿ, ಕಾಳು ಸಣ್ಣ, ಹಸಿರಿನ ಮೇಲೆ ಕಡು ನೀಲಿ ಚುಕ್ಕೆ. 1996ರಲ್ಲಿ ಅದಕ್ಕೆ ಊರಿನ ಹೆಸರು ಕಾಯುವ ಸರ್ಕಾರದ ಮುದ್ರೆ ಸಿಕ್ಕಿದೆ, ಬೇರೆ ಸೀಮೆಯಲ್ಲಿ ಬೆಳೆದ ಹಸಿರು ಮಸೂರಕ್ಕೆ ಆ ಊರಿನ ಹೆಸರು ಹಾಕಿ ಮಾರಿದ್ರೆ ಕೇಸು. ಬೇಯಿಸಿದ್ರೆ ಕಾಳು ಒಡೆಯುವುದಿಲ್ಲ, ತೊವ್ವೆಗೆ ಆಗುವುದಿಲ್ಲ, ಆದ್ರೆ ಸುಕ್ಕಕ್ಕೆ, ಅಂದ್ರೆ ಕಾಯಿ ಹಾಕಿದ ಒಣ ಪಲ್ಯಕ್ಕೆ ಬಹಳ ಒಳ್ಳೇದು, ತೆಂಗಿನಕಾಯಿ ಪುಡಿ ಪ್ಯಾಕೆಟ್ ಸಿಕ್ಕಿತ್ತು, ಸಾಸಿವೆ ಕರಿಬೇವು ಒಗ್ಗರಣೆ ಹಾಕಿ ಮಾಡಿದೆ, ಅಳಿಯ ಎರಡು ಸರ್ತಿ ಹಾಕಿಸಿಕೊಂಡ್ರು.

ಅದೇ ಸಂತೆಯಲ್ಲಿ ಒಬ್ರು ವಯಸ್ಸಾದವರು ಹಣ್ಣು ಮಾರ್ತಾ ಇದ್ರು, ನಮ್ಮ ಇಬ್ಬುಡ್ಲದ, ಅಂದ್ರೆ ಕರಬೂಜದ ಜಾತಿಯ ಹಣ್ಣು, ಒಳಗೆ ಕೇಸರಿ ಬಣ್ಣ. ಮಗಳು ಒಂದು ಹಣ್ಣು ತೋರಿಸಿ ಇದು ಕೊಡಿ ಅಂದ್ಲು. ಅವರು ಅದನ್ನು ಕೊಡ್ಲಿಲ್ಲ. ಇವತ್ತು ಮಧ್ಯಾಹ್ನಕ್ಕಾ, ರಾತ್ರಿಗಾ, ನಾಳೆಗಾ ಅಂತ ಕೇಳಿದ್ರು. ಮಧ್ಯಾಹ್ನಕ್ಕೆ ಅಂದದ್ದಕ್ಕೆ ರಾಶಿಯಲ್ಲಿ ನಾಲ್ಕೈದು ಹಣ್ಣು ಎತ್ತಿ ತೂಕ ನೋಡಿದ್ರು, ಬುಡ ಮೂಸಿದ್ರು, ತೊಟ್ಟಿನ ಸುತ್ತ ಹೆಬ್ಬೆರಳಲ್ಲಿ ಒತ್ತಿದ್ರು, ತೊಟ್ಟು ಬಿರುಕು ಬಿಡ್ಲಿಕ್ಕೆ ಶುರುವಾದ ಒಂದನ್ನು ಆರಿಸಿ ಕೊಟ್ರು. ಅವರ ಮೇಜಿನ ಮುಂದೆ ಒಂದು ಸ್ಲೇಟು ತೂಗಾಡ್ತಾ ಇತ್ತು, ಸೀಮೆಸುಣ್ಣದಲ್ಲಿ ಹಣ್ಣಿನ ಹೆಸರು, ಬೆಲೆ, ಅವರ ಹಳ್ಳಿಯ ಹೆಸರು, ಮತ್ತೆ ಪ್ರೊದ್ಯುಕ್ತರ್ ಅಂತ, ಅಂದ್ರೆ ಬೆಳೆದವರು. ಮಧ್ಯಾಹ್ನ ಹೊಳೆ ಬದಿಯಲ್ಲಿ ಕಾರ್ ನಿಲ್ಲಿಸಿ ಅದನ್ನು ಕೊಯ್ದೆವು, ಅವರು ಹೇಳಿದ ಹೊತ್ತಿಗೆ ಸರಿಯಾಗಿ ಹದ ಬಂದಿತ್ತು. ಬೆಳೆದವರ ಕೈಯಿಂದ ತಗೊಂಡ್ರೆ ಸಿಗುವ ಲಾಭ ಇದು, ಬರೀ ಬೆಲೆಯದ್ದಲ್ಲ.

ಅಲ್ಲಿ ಸಂತೆಗೆ ಬರುವವರೆಲ್ಲ ರೈತರಲ್ಲ, ಇದನ್ನೂ ಹೇಳ್ಬೇಕು. ಹೋಲ್‌ಸೇಲಲ್ಲಿ ತಂದು ಮಾರುವವರೂ ಸುಮಾರು ಜನ ಇದ್ದಾರೆ. ಒಂದೇ ಮೇಜಲ್ಲಿ ಬಾಳೆಹಣ್ಣು, ಅನಾನಸು, ಮಾವು, ಟೊಮೆಟೊ ಎಲ್ಲ ಇದ್ರೆ ಅದು ತಂದು ಮಾರುವವರದ್ದು, ನಾಲ್ಕೇ ತರಹದ ತರಕಾರಿ, ಅದೂ ಆ ತಿಂಗಳದ್ದು ಮಾತ್ರ ಇದ್ರೆ ಬೆಳೆದವರದ್ದು ಅಂತ ಮಗಳು ಕಲಿಸಿದ್ಲು. ಮೋಸವೂ ಉಂಟು. ಇಟಲಿಯ ಕೀವಿ ಹಣ್ಣಿಗೆ ಫ್ರಾನ್ಸಿನದ್ದು ಅಂತ ಹೆಸರು ಹಾಕಿ ಮಾರಿದ ದೊಡ್ಡ ಜಾಲವನ್ನು ಅಲ್ಲಿನ ಸರ್ಕಾರದ ಗ್ರಾಹಕ ಇಲಾಖೆಯವರೇ ಹಿಡಿದಿದ್ದಾರೆ. ಆದ್ರೆ ಹಿಡೀಲಿಕ್ಕೆ ಸಾಧ್ಯ ಆದದ್ದು ಬರವಣಿಗೆಯಲ್ಲಿ ಇದ್ದ ಕಾರಣ. ಬಾಯಿಮಾತಲ್ಲಿ ಊರಿನದ್ದು ಅಂದದ್ದಕ್ಕೆ ಯಾರು ಯಾವ ಕೇಸು ಹಾಕ್ಲಿಕ್ಕೆ ಆಗ್ತದೆ?

ಬ್ರೆಡ್ಡಿನ ವಿಷಯದಲ್ಲೂ ಹಾಗೆಯೇ ಕಟ್ಟುನಿಟ್ಟು. ಬೂಲಾಂಜೆರಿ, ಅಂದ್ರೆ ಬ್ರೆಡ್ ಅಂಗಡಿ ಅಂತ ಬೋರ್ಡ್ ಹಾಕ್ಬೇಕಾದ್ರೆ ಹಿಟ್ಟು ಕಲಸಿ ಸುಡುವುದು ಆ ಅಂಗಡಿಯಲ್ಲೇ ಆಗ್ಬೇಕು, 1998ರ ಕಾನೂನು. ಅದಕ್ಕಿಂತ ಮೊದಲು 1993ರಲ್ಲೇ ತ್ರಾದಿಸ್ಯೋಂ ಅನ್ನುವ ಬ್ರೆಡ್ಡಿಗೆ ಯಾವ ಕೆಮಿಕಲ್ಲೂ ಸೇರಿಸಬಾರದು, ಹಿಟ್ಟನ್ನು ಫ್ರೀಜ್ ಮಾಡ್ಬಾರದು ಅಂತ ಮಾಡಿದ್ದಾರೆ. ಬಗೆತ್ ಅನ್ನುವ ಉದ್ದ ಕೋಲಿನಂಥ ಬ್ರೆಡ್ ಮಾಡುವ ಕಸುಬನ್ನು 2022ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೂ ಸೇರಿಸಿದ್ರು. ಒಂದು ಬಗೆತ್‌ಗೆ ಸುಮಾರು ಒಂದು ಯೂರೋ, ಹಳ್ಳಿಯ ಮುದುಕಿಯೂ ಅದನ್ನೇ ತಗೊಳ್ಳುವುದು, ಅಂದ್ರೆ ಈ ಕಟ್ಟುನಿಟ್ಟೆಲ್ಲ ಶ್ರೀಮಂತರ ತಿಂಡಿಗೆ ಅಂತ ಮಾಡಿದ್ದಲ್ಲ.

ಒಂದು ವಿಷಯದಲ್ಲಿ ನಮ್ಮ ದೇಶವೇ ಮುಂದೆ. ನಮ್ಮಲ್ಲಿ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿದ್ರೆ ಸಸ್ಯಾಹಾರ ಅಂತ ಒಂದೇ ನೋಟಕ್ಕೆ ಗೊತ್ತಾಗ್ತದೆ, ಅಲ್ಲಿ ಆ ನಿಯಮ ಇಲ್ಲ. ಅಳಿಯ ಶುದ್ಧ ಸಸ್ಯಾಹಾರಿ, ಹಾಗಾಗಿ ಪ್ರತಿ ಪ್ಯಾಕೆಟಿನ ಹಿಂದೆ ಓದ್ಬೇಕು. ಕೆಲವು ಸಿಹಿತಿಂಡಿಯಲ್ಲಿ ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದ ಜೆಲಟಿನ್ ಇರ್ತದೆ, ಚೀಸ್ ಗಟ್ಟಿ ಮಾಡ್ಲಿಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ಪ್ರೆಸ್ಯೂರ್ ಹಾಕ್ತಾರೆ, ಹೆಸರುವಾಸಿ ಹಳೇ ಚೀಸುಗಳಲ್ಲೆಲ್ಲ ಹೆಚ್ಚಾಗಿ ಅದೇ, ರೆಡಿ ಸಲಾಡಲ್ಲಿ ಲಾರ್ದೋಂ ಅಂತ ಹಂದಿ ಮಾಂಸದ ಚೂರು. ಸಸ್ಯಾಹಾರಿಗಳು ಹೋದ್ರೆ ಈ ಮೂರು ಹೆಸರು ನೆನಪಿಟ್ಟುಕೊಳ್ಳಿ. ಉಳಿದಂತೆ ತೊಂದರೆ ಇಲ್ಲ, ಸಾದಾ ಮೊಸರು ಎಲ್ಲ ಕಡೆ ಸಿಗ್ತದೆ, ಬಾಸ್ಮತಿ ಅಕ್ಕಿ, ಕೆಂಪು ಮಸೂರ ಬೇಳೆ, ಕಡ್ಲೆ, ತೆಂಗಿನ ಹಾಲಿನ ಡಬ್ಬ ಸಿಗ್ತದೆ, ಸೆಮೂಲ್ ಅಂತ ಇರುವ ಸಣ್ಣ ರವೆಯಲ್ಲಿ ನಾನು ಬೆಳಗ್ಗೆ ಸಜ್ಜಿಗೆ (ಉಪ್ಪಿಟ್ಟು) ಮಾಡಿದೆ, ನಮ್ಮ ರವೆಯಷ್ಟು ಉದುರುದುರು ಬರುವುದಿಲ್ಲ, ತಿನ್ಲಿಕ್ಕೆ ಅಡ್ಡಿಯಿಲ್ಲ. ಕುಚ್ಚಲಕ್ಕಿ ಮಾತ್ರ ಸಿಗ್ಲಿಲ್ಲ, ನಮ್ಮವರು ಗಂಜಿ ಇಲ್ಲದೆ ಸ್ವಲ್ಪ ಬೇಜಾರು ಮಾಡಿದ್ರು.

ಈಗ ನಮ್ಮ ಜಿಲ್ಲೆಯ ವಿಷಯಕ್ಕೆ ಬರ್ತೇನೆ. ಮಟ್ಟು ಗುಳ್ಳಕ್ಕೆ ವಾದಿರಾಜ ಸ್ವಾಮಿಗಳ ಕಾಲದ ಕಥೆ ಉಂಟು, 2011ರಲ್ಲಿ ಊರಿನ ಹೆಸರು ಕಾಯುವ ಅಂಥದ್ದೇ ಗುರುತು, ಜಿಐ ಟ್ಯಾಗ್ ಕೂಡ ಸಿಕ್ಕಿದೆ, ಬೆಳೆಗಾರರು ಸೇರಿ ಕಾಯಿಗೆ ಸ್ಟಿಕ್ಕರ್ ಅಂಟಿಸಿ ಮಾರುವ ಒಳ್ಳೇ ಕೆಲಸವನ್ನೂ ಮಾಡಿದ್ದಾರೆ. ಲ ಪ್ಯುಯಿಯ ಮಸೂರಕ್ಕೆ ಇರುವ ಮಾನಕ್ಕಿಂತ ನಮ್ಮ ಗುಳ್ಳದ ಮಾನ ಏನೂ ಕಡಿಮೆ ಅಲ್ಲ. ಆದ್ರೆ ಅಲ್ಲಿ ಹೆಸರು ಕಾಯುವ ಕೆಲಸ ಅಂಗಡಿಯ ಬೋರ್ಡಿನವರೆಗೆ ಬಂದಿದೆ, ಇಲ್ಲಿ ಸ್ಟಿಕ್ಕರ್ ಇಲ್ಲದ ಯಾವುದೋ ದುಂಡು ಬದನೆ ರಾಶಿ ಹಾಕಿ ಮಟ್ಟು ಗುಳ್ಳ ಅಂತ ಕೂಗಿದ್ರೂ ಕೇಳುವವರಿಲ್ಲ. ಸುಳ್ಳು ಹೇಳಿದವರಿಗೂ ಅದೇ ರೇಟು, ಗದ್ದೆಯಲ್ಲಿ ಉಪ್ಪು ನೀರಿನ ಜೊತೆ ಹೋರಾಡಿ ಬೆಳೆದವರಿಗೂ ಅದೇ ರೇಟು ಅಂದ್ರೆ ಬೆಳೆಯುವವರು ಯಾಕೆ ಬೆಳೀಬೇಕು? ಅವರ ಮಕ್ಕಳು ಗದ್ದೆ ಬಿಟ್ಟು ಹೋಗ್ತಾ ಇರುವುದನ್ನು ನಾವು ನೋಡ್ತಾ ಇದ್ದೇವೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ನಗರಸಭೆ, ಪಾಲಿಕೆ, ಪಂಚಾಯತ್ ಲೈಸೆನ್ಸ್ ಇರುವ ತರಕಾರಿ ಅಂಗಡಿ, ಸೂಪರ್ ಮಾರ್ಕೆಟ್, ಮೀನಿನ ಸ್ಟಾಲುಗಳಲ್ಲಿ ಪ್ರತಿಯೊಂದರ ಎದುರು ಒಂದು ಸ್ಲೇಟು ಅಥವಾ ರಟ್ಟಿನ ತುಂಡು ಇರ್ಲಿ, ಅದರಲ್ಲಿ ಕಿಲೋಗೆ ಎಷ್ಟು ಅಂತ, ಎಲ್ಲಿಂದ ಬಂತು ಅಂತ ಕನ್ನಡದಲ್ಲಿ ಬರೀಲಿ. ಘಟ್ಟದ ತರಕಾರಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಹಾಸನದ ಆಲೂಗಡ್ಡೆ ಇಲ್ಲದೆ, ಚಿಕ್ಕಮಗಳೂರು ಕಡೆಯ ತರಕಾರಿ ಇಲ್ಲದೆ ನಮ್ಮ ಅಡುಗೆ ನಡೀಲಿಕ್ಕಿಲ್ಲ, ಅಲ್ಲಿಯ ರೈತರಿಗೂ ಅವರ ಊರಿನ ಹೆಸರು ಸಿಗ್ಬೇಕು. ಬುಟ್ಟಿ ಹೊತ್ತು ಬಂದು ರಸ್ತೆ ಬದಿಯಲ್ಲಿ ನಾಲ್ಕು ಕಟ್ಟು ಹರಿವೆ, ಬಸಳೆ, ಎರಡು ಸೀಯಾಳ ಇಟ್ಟುಕೊಂಡು ಕೂರುವ ಅಜ್ಜಿಯರಿಗೆ ದಂಡ, ನೋಟಿಸು ಅಂತ ಯಾರೂ ಕಿರಿಕಿರಿ ಮಾಡುವುದು ಬೇಡ. ಅವರ ಹತ್ತಿರ ಪಂಚಾಯತಿನವರೇ ಒಂದೊಂದು ಸ್ಲೇಟು ಕೊಟ್ಟು ಊರಿನ ಹೆಸರು ಬರೆದು ಕೊಡ್ಲಿ, ವ್ಯಾಪಾರ ತಾನಾಗಿ ಜಾಸ್ತಿ ಆಗ್ತದೆ. ಸಂತೆ ಮೈದಾನದಲ್ಲಿ ಬೆಳೆದವರು ಕೂರುವ ಸಾಲು ಬೇರೆ, ತಂದು ಮಾರುವವರ ಸಾಲು ಬೇರೆ ಮಾಡಿದ್ರೆ ಅದಕ್ಕೆ ಖರ್ಚೂ ಇಲ್ಲ. ಈಗ ಆಗ್ತಾ ಇರುವುದು ಎಂತ ಅಂದ್ರೆ ಲಾರಿಯಲ್ಲಿ ಬಂದವರು ನಸುಕಿಗೇ ಮುಂದಿನ ಜಾಗ ಹಿಡೀತಾರೆ, ಮೊದಲ ಬಸ್ಸಲ್ಲಿ ಬರುವ ಅಜ್ಜಿಗೆ ಮೂಲೆಯ ಕೆಸರಿನ ಜಾಗ.

ತೋಟಗಾರಿಕೆ ಇಲಾಖೆ, ಮೀನುಗಾರಿಕೆ ಇಲಾಖೆ ಮತ್ತೆ ಎಪಿಎಂಸಿಯವರು ಒಟ್ಟಿಗೆ ಕೂತು ಮಾತಾಡಿದ್ರೆ ಆಗುವ ಕೆಲಸ ಇದು. ಮೊದಲಿಗೆ ಎರಡೇ ಎರಡಕ್ಕೆ ಮಾಡಿ ನೋಡ್ಲಿ, ಮಳೆ ಮುಗಿದು ಗುಳ್ಳದ ಸೀಸನ್ ಶುರುವಾಗುವ ಮೊದಲು ಕಟಪಾಡಿ, ಉಡುಪಿ, ಮಂಗಳೂರಿನ ಮಾರ್ಕೆಟುಗಳಲ್ಲಿ ಗುಳ್ಳಕ್ಕೆ, ಬರುವ ಜೂನಿನ ಬೋಟ್ ರಜೆಯ ಸಮಯದಲ್ಲಿ ಮೀನಿಗೆ. ಜಿಲ್ಲಾಧಿಕಾರಿಗಳ ಗಮನಕ್ಕೆ ಬರುವ ಹಾಗೆ ದಯವಿಟ್ಟು ಈ ಪತ್ರವನ್ನು ಪ್ರಕಟಿಸಿ. ಬೆಳೆಗಾರರು, ಮೀನು ಮಾರುವ ಹೆಂಗಸರು, ಅಂಗಡಿಯವರು ಈ ಬಗ್ಗೆ ಎಂತ ಹೇಳ್ತಾರೆ ಅಂತ ಕೇಳಿ ನಿಮ್ಮ ವರದಿಗಾರರೂ ಒಂದು ಸರ್ತಿ ಬರೆದ್ರೆ ಒಳ್ಳೇದು, ನಾನು ಗ್ರಾಹಕಳ ಕಡೆಯಿಂದ ಹೇಳಿದ್ದೇನೆ, ಅವರಿಗೆ ಇದರಲ್ಲಿ ಎಂಥ ಕಷ್ಟ ಉಂಟು ಅಂತ ಅವರೇ ಹೇಳ್ಬೇಕು.

ಇತಿ,
ಕಟಪಾಡಿಯ ಒಬ್ಬ ಓದುಗಳು
ಉಡುಪಿ ಜಿಲ್ಲೆ